ಇಲ್ಲದ ಟ್ರೇಲರಿಗೊಂದು ಕೊಂಡಿ

ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಎರಡು ವರ್ಷಗಳಿಂದ ನೈರೋಬಿಯ ರಸ್ತೆಗಳಲ್ಲಿ ಹದಿನೆಂಟು ಅಡಿ ಉದ್ದದ ಒಂದು ಟ್ರೇಲರನ್ನು ಎಳೆದುಕೊಂಡು ಓಡಾಡುತ್ತಿದ್ದಾರೆ. ಅದರಲ್ಲಿ ಎರಡು ಮಂಚ, ಪುಟ್ಟ ಅಡುಗೆಮನೆ, ಕೈ ತೊಳೆಯುವ ಬೇಸಿನ್ನು, ಕಿಟಕಿಗಳಿಗೆ ಹೂವಿನ ಪರದೆ ಎಲ್ಲವೂ ಇವೆ. ಇಲ್ಲದಿರುವುದು ಒಂದೇ ಒಂದು. ಟ್ರೇಲರು!

ನಂಬಿಕೆ ಬರದಿದ್ದರೆ ಒಂದು ಸಂಜೆ ಪಾರ್ಕ್‌ಲ್ಯಾಂಡ್ಸಿನ ಅವರ ಫ್ಲ್ಯಾಟಿನ ಗೇಟಿನ ಬಳಿ ನಿಂತು ನೋಡಿ. ಅವರ ಬಿಳಿ ಪಿಕಪ್ಪು ಬರುತ್ತದೆ. ಗೇಟಿನತ್ತ ತಿರುಗುವ ಮೊದಲು ರಸ್ತೆಯ ಆಚೆ ತುದಿಯವರೆಗೂ ಹೋಗಿ, ಎದುರು ಮನೆಯ ಬೇಲಿಯನ್ನು ಸವರಿ, ಆಮೇಲೆ ಬಹಳ ಗಾಂಭೀರ್ಯದಿಂದ ಒಳಗೆ ಬರುತ್ತದೆ. ಅಷ್ಟು ಅಗಲವಾಗಿ ತಿರುಗಿಸದಿದ್ದರೆ ಟ್ರೇಲರಿನ ಹಿಂದಿನ ಚಕ್ರ ಗೇಟಿನ ಕಂಬಕ್ಕೆ ತಗಲುತ್ತದಲ್ಲ! ಗಾಡಿ ನಿಲ್ಲಿಸಿದ ಮೇಲೆ ಇಳಿದು, ಹಿಂದಕ್ಕೆ ಹದಿನೆಂಟು ಅಡಿ ನಡೆದು, ಯಾರಿಗೂ ಅಡ್ಡವಾಗಿಲ್ಲ ತಾನೇ ಎಂದು ನೋಡಿಕೊಳ್ಳುತ್ತಾರೆ. ಗೇಟು ಕಾಯುವ ಅಸ್ಕಾರಿ ಮೊದಮೊದಲು ಗಾಬರಿಯಾಗಿದ್ದ. ಈಗ ಪಳಗಿದ್ದಾನೆ. "ಟ್ರೇಲರ್ ಇಕೊ ಸವಾ, ಮ್ಜೇ?" ಎಂದು ಟ್ರೇಲರಿನ ಯೋಗಕ್ಷೇಮ ವಿಚಾರಿಸುತ್ತಾನೆ. "ಸವಾ, ಸವಾ" ಎಂದು ಇವರು ಸಮಾಧಾನದಿಂದ ಮೆಟ್ಟಿಲು ಹತ್ತುತ್ತಾರೆ. ಆ ಹದಿನೆಂಟು ಅಡಿಯಲ್ಲಿ ಇನ್ನೊಂದು ಗಾಡಿ ನಿಲ್ಲಿಸಲು ಆ ಅಸ್ಕಾರಿ ಯಾರಿಗೂ ಬಿಡುವುದಿಲ್ಲ. ನನಗೂ ಬಿಡುವುದಿಲ್ಲ!

ಯಾವ ವಸ್ತುವನ್ನೇ ಆಗಲಿ, ಕೊಳ್ಳುವ ಮೊದಲು ಅದು ಬಂದುಬಿಟ್ಟಿದೆ ಎಂದುಕೊಂಡು ಬದುಕಿ ನೋಡಬೇಕು ಎನ್ನುವುದು ಅವರ ಸಿದ್ಧಾಂತ. ಹಿಂದೆ ಫ್ರಿಜ್ ಕೊಳ್ಳಬೇಕೆಂದಾಗ ಅಡುಗೆಮನೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದು, ಮೂರು ತಿಂಗಳು ಮನೆಮಂದಿಯೆಲ್ಲ ಅದನ್ನು ಬಳಸಿಕೊಂಡು ಓಡಾಡಬೇಕೆಂದು ಆಜ್ಞೆ ಮಾಡಿದ್ದರು. ಅತ್ತಿಗೆ ಅದಕ್ಕೂ ಹೊಂದಿಕೊಂಡರು. ಆದರೆ ಒಂದು ದಿನ ಇವರು, "ಬಾಗಿಲು ತೆಗೆದಿಟ್ಟು ಹೋಗಿದೀಯಲ್ಲೇ, ತಣ್ಣಗಿರೋದೆಲ್ಲ ಆಚೆ ಹೋಯ್ತು!" ಎಂದು ರೇಗಿದಾಗ ಆ ಮಹಾತಾಯಿ ಅದೇ ಮಧ್ಯಾಹ್ನ ಅಂಗಡಿಗೆ ಹೋಗಿ ನಿಜವಾದ ಫ್ರಿಜ್ ತಂದು ನಿಲ್ಲಿಸಿದರು. ಬಣ್ಣ ಸರಿಯಿಲ್ಲವೆಂದು ಇವರು ಇವತ್ತಿಗೂ ಗೊಣಗುತ್ತಾರೆ.

ಒಮ್ಮೆ ಪಂಗಾನಿ ಕಡೆ ಹೋಗುವಾಗ ಆ ಪಿಕಪ್ಪಿನಲ್ಲಿ ನಾನೂ ಇದ್ದೆ. ಮುಂದೆ ಅವರು ಮತ್ತು ನಾನು, ಹಿಂದಿನ ಸೀಟಿನಲ್ಲಿ ನನ್ನ ಮಗಳು. ಭರ್ತಿ ಜಾಮು. ಎಲ್ಲಿಂದಲೋ ಒಂದು ಮಟಾಟು, ಅಂದರೆ ಇಲ್ಲಿಯ ಬಾಡಿಗೆ ಮಿನಿಬಸ್ಸು, ಸಂಗೀತದ ಸಮೇತ ನುಗ್ಗಿ ಬಂದು ನಮ್ಮ ಬಂಪರಿನ ಹಿಂದೆಯೇ ತೂರಿಕೊಂಡಿತು. ಷಡ್ಡಕರು ಕನ್ನಡಿಯಲ್ಲಿ ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅಡುಗೆಮನೆ ಹೋಯ್ತು!"

"ದೊಡ್ಡಪ್ಪಾ, ಪಾತ್ರೆ ಎಲ್ಲಾ ಬಿತ್ತು! ಸಾರು ಚೆಲ್ಲಿ ಹೋಯ್ತು!" ಎಂದು ಹಿಂದಿನಿಂದ ನನ್ನ ಮಗಳು ಕೂಗಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ನಾನು ನಗಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತೆ. ಯಾಕೆಂದರೆ, ಮುಚ್ಚುಮರೆ ಏಕೆ, ನನಗೆ ಹೊಟ್ಟೆಕಿಚ್ಚು! ಈ ಪ್ರಬಂಧವನ್ನು ಪೂರಾ ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ, ಓದುಗರು ಅದಕ್ಕೆ ತಕ್ಕಂತೆ ಸೋಸಿಕೊಳ್ಳಬೇಕು. ಅವರ ಪಿಕಪ್ಪಿನ ಮೇಲೆ ನನಗೆ ಆಸೆಯಿಲ್ಲ. ಟ್ರೇಲರಿನ ಮೇಲಂತೂ, ಅದು ಹುಟ್ಟುವವರೆಗೆ, ಆಸೆಪಡುವುದು ಹೇಗೆ? ನನ್ನ ಹೊಟ್ಟೆ ಉರಿಯುವುದು ನನ್ನ ಮಗಳ ವಿಷಯದಲ್ಲಿ.

ಅವಳಿಗೆ ಹದಿನೈದು. ಹುಟ್ಟಿದ್ದು ಮೈಸೂರಿನಲ್ಲಾದರೂ ಬೆಳೆದದ್ದೆಲ್ಲ ಇಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಉತ್ತರವೆಂದರೆ ಒಂದೇ ಪದ. ಸ್ಕೂಲು ಹೇಗಿತ್ತು? ಫೈನ್. ಪರೀಕ್ಷೆ? ಫೈನ್. ಹಲ್ಲುನೋವು? ಫೈನ್! ಎರಡು ವರ್ಷದಿಂದ ಅಪ್ಪ ಎನ್ನುವ ಪ್ರಾಣಿಯ ಜೊತೆ ಅವಳ ವ್ಯವಹಾರ ಇಷ್ಟೇ. ನಾನು ಮಾತು ಶುರುಮಾಡಿದರೆ ಕಿವಿಗೆ ಇಯರ್‌ಫೋನು, ಕೋಣೆಗೆ ಬಾಗಿಲು. ವಯಸ್ಸೇ ಹಾಗೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆ ವಯಸ್ಸು ದೊಡ್ಡಪ್ಪನ ಎದುರು ಎಲ್ಲಿ ಹೋಗುತ್ತದೆ, ಸ್ವಾಮಿ? ಅವರ ಜೊತೆ ಅದೇ ಹುಡುಗಿ ಮುಕ್ಕಾಲು ಗಂಟೆ, ಅದೂ ಅಚ್ಚ ಕನ್ನಡದಲ್ಲಿ, ಕೊಂಡಿಯ ದವಡೆ ಒಂದಿರಬೇಕೋ ಎರಡಿರಬೇಕೋ ಎಂದು ಚರ್ಚಿಸುತ್ತಾಳೆ! ಅವರಿಗೆ ಮಕ್ಕಳಿಲ್ಲ, ಒಪ್ಪಿದೆ. ಅದಕ್ಕಾಗಿ ನಾನು ನನ್ನ ಒಬ್ಬಳೇ ಮಗಳನ್ನು ಎತ್ತಿ ಕೊಡಬೇಕೆ?

ಈ ಕೊಂಡಿ ಯಾವುದು ಎಂದು ಹೇಳಿಬಿಡುತ್ತೇನೆ. ಮಾಮೂಲಿ ಟ್ರೇಲರನ್ನು ಗಾಡಿಯ ಹಿಂದಿನ ಬಂಪರಿನ ಬಳಿ ಸಿಕ್ಕಿಸುತ್ತಾರೆ. ಲೋಕಕ್ಕೆಲ್ಲ ಸಾಕಾಗುವ ಆ ಏರ್ಪಾಡು ನಮ್ಮ ಷಡ್ಡಕರಿಗೆ ಸಾಲದು. ಅವರಿಗೆ ಬೇಕಾದದ್ದು ಫಿಫ್ತ್ ವೀಲ್. ಮೊಂಬಾಸಾದಿಂದ ಕಂಟೇನರ್ ಎಳೆದು ತರುವ ಲಾರಿಗಳ ಬೆನ್ನ ಮೇಲೆ ಗ್ರೀಸು ಮೆತ್ತಿದ ಒಂದು ಕಬ್ಬಿಣದ ತಟ್ಟೆ ಇರುತ್ತದೆ. ಟ್ರೇಲರಿನ ಕತ್ತಿನಡಿಯ ಪಿನ್ನು ಬಂದು ಆ ತಟ್ಟೆಯ ದವಡೆಯಲ್ಲಿ ಕಚ್ಚಿಕೊಳ್ಳುತ್ತದೆ. ಅದರ ಮರಿಯೊಂದನ್ನು ತಂದು ಪಿಕಪ್ಪಿನ ಹಿಂದಿನ ತೊಟ್ಟಿಯ ನಟ್ಟನಡುವೆ ಕೂರಿಸುವುದು. ಹೆಸರೇನೋ ಐದನೇ ಚಕ್ರ. ಉರುಳುವುದಿಲ್ಲ, ಓಡುವುದಿಲ್ಲ, ಪಂಕ್ಚರ್ ಕೂಡ ಆಗುವುದಿಲ್ಲ! ಮೊದಲು ಕೊಂಡಿಯನ್ನು ಆರಿಸಿ, ಆಮೇಲೆ ಅದಕ್ಕೆ ತಕ್ಕ ಟ್ರೇಲರ್ ಹುಡುಕಬೇಕಂತೆ. ಗುಂಡಿ ಕೊಂಡುಕೊಂಡು ಅದಕ್ಕೆ ಅಂಗಿ ಹೊಲಿಸಿದ ಹಾಗೆ.

ಕಳೆದ ಯುಗಾದಿಗೆ ಅವರ ಮನೆಯಲ್ಲಿ ಊಟ. ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡು, "ಯಾವುದೋ ಒಂದು ಕೊಂಡಿ ಹಾಕಿಸಿ ಮುಗಿಸಿ ಭಾವ, ಅದರಲ್ಲೇನಿದೆ?" ಎಂದುಬಿಟ್ಟೆ. ಹೆಂಡತಿ ಅವರನ್ನು ಭಾವ ಎನ್ನುವುದರಿಂದ ನಾನೂ ಹಾಗೇ ಕರೆಯುತ್ತೇನೆ.

"ಏನಿದೆಯಾ? ಎದ್ದೇಳಯ್ಯಾ, ತೋರಿಸ್ತೀನಿ" ಎಂದು ನನ್ನನ್ನು ಊಟದ ಮೇಜಿನಿಂದ ಎಬ್ಬಿಸಿ ಹಾಲಿನ ಮಧ್ಯೆ ನಿಲ್ಲಿಸಿದರು. ಒಳಗಿನಿಂದ ಇಸ್ತ್ರಿ ಮಾಡುವ ಹಲಗೆ ಬಂತು. ಅದರ ಒಂದು ತುದಿಯನ್ನು ನನ್ನ ಬಲಭುಜದ ಮೇಲಿಟ್ಟರು, ಇನ್ನೊಂದು ತುದಿಯನ್ನು ಮಗಳ ಕೈಗೆ ಕೊಟ್ಟರು. ನಾನು ಪಿಕಪ್ಪು, ಹಲಗೆ ಟ್ರೇಲರು. ಹತ್ತು ಜನ ನೆಂಟರಿಷ್ಟರು ಪ್ರೇಕ್ಷಕರು.

"ನೇರ ನಡಿ. ಹಾಂ. ನೋಡ್ರಪ್ಪಾ, ಒಂಚೂರಾದ್ರೂ ಓಲಾಡ್ತಾ ಇದೆಯಾ? ಭಾರ ಎಲ್ಲಾ ಬೆನ್ನ ಮೇಲಿದೆ, ಬಾಲದ ಮೇಲಲ್ಲ. ಈಗ ಎಡಕ್ಕೆ ತಿರುಗು. ಪೂರ್ತಿ ತಿರುಗಯ್ಯಾ!"

ಪೂರ್ತಿ ತಿರುಗಿದೆ. ಹಲಗೆಯ ಮೂಲೆ ಬಂದು ನನ್ನ ಕಿವಿಯ ಹಿಂದೆ ಟಣ್ಣನೆ ಬಡಿಯಿತು.

"ಇದೇ! ಇದೇ ನಾನು ಹೇಳ್ತಿರೋದು! ನಮ್ಮ ಗಾಡಿ ತೊಟ್ಟಿ ಗಿಡ್ಡ. ಪೂರ್ತಿ ತಿರುಗಿಸಿದ್ರೆ ಟ್ರೇಲರಿನ ಮೂತಿ ಬಂದು ಕ್ಯಾಬಿನ್ನಿಗೆ ಹೊಡೆಯುತ್ತೆ. ಅದಕ್ಕೇ ಸ್ಲೈಡರ್ ಬೇಕು, ತಿರುಗೋವಾಗ ಹಿಂದಕ್ಕೆ ಸರಿದುಕೊಳ್ಳೋ ಕೊಂಡಿ. ಇನ್ನೊಂದ್ ಸಲ ಮಾಡಿ ತೋರ್ಸು, ಆ ಮೂಲೇಲಿ ಕೂತಿರೋರಿಗೆ ಕಾಣಿಸ್ಲಿಲ್ಲ."

ಮೂಲೆಯಲ್ಲಿ ಕೂತವರಿಗೆ ಕಾಣಿಸುವಂತೆ ಇನ್ನೊಂದು ಸಲ ಬಡಿಸಿಕೊಂಡೆ. ಮನೆಯೆಲ್ಲ ನಕ್ಕಿತು. "ಭಾವ ಎಷ್ಟು ಚೆನ್ನಾಗಿ ಅರ್ಥ ಮಾಡಿಸ್ತಾರೆ ನೋಡ್ರೀ" ಎಂದಳು ನನ್ನ ಹೆಂಡತಿ. "ನೀವು ಪಾಠ ಹೇಳೋಕೆ ಕೂತ್ರೆ ಮಗು ತೂಕಡಿಸುತ್ತೆ." ಮಗಳು ಓಡಿ ಬಂದು ಕಳಕಳಿಯಿಂದ ಸವರಿ ನೋಡಿದಳು. ನನ್ನ ತಲೆಯನ್ನಲ್ಲ, ದೊಡ್ಡಪ್ಪನ ಇಸ್ತ್ರಿ ಹಲಗೆಯ ಮೂಲೆಯನ್ನು!

ಇನ್ನು ಶನಿವಾರಗಳ ಕಥೆ. ಸ್ಕೂಲಿರುವ ದಿನ ಮೂರು ಅಲಾರಾಮಿಗೂ ಏಳದ ನನ್ನ ಮಗಳು ಶನಿವಾರ ಆರೂವರೆಗೆ ಸ್ನಾನ ಮುಗಿಸಿ, ಶೂ ಕಟ್ಟಿಕೊಂಡು ಬಾಲ್ಕನಿಯಲ್ಲಿ ನಿಂತಿರುತ್ತಾಳೆ. ಪಿಕಪ್ಪು ಅಗಲವಾಗಿ ತಿರುಗಿ ಬರುತ್ತದೆ. ಇಬ್ಬರೂ ಇಂಡಸ್ಟ್ರಿಯಲ್ ಏರಿಯಾಕ್ಕೆ ಕೊಂಡಿ ನೋಡಲು ಹೊರಡುತ್ತಾರೆ. ಹಳೆ ಲಾರಿ ಬಿಚ್ಚುವ ಅಂಗಳ, ಬೆಸುಗೆಯ ಶೆಡ್ಡು, ಬಿಡಿಭಾಗದ ಗೋದಾಮು, ಒಂದನ್ನೂ ಬಿಡುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಸುಟ್ಟ ಜೋಳ ತಿಂದ ಬಾಯಿ, ಗ್ರೀಸು ಮೆತ್ತಿದ ಕೈ, ಹೊಳೆಯುವ ಮುಖ ಹೊತ್ತುಕೊಂಡು ಬರುತ್ತಾಳೆ. ಕೊಂಡಿ ಮಾತ್ರ ಬರುವುದಿಲ್ಲ. ಎರಡು ವರ್ಷವಾಯಿತು. ನಮ್ಮ ಮದುವೆಗೆ ನನ್ನ ಹೆಂಡತಿಯ ಮನೆಯವರು ನನ್ನನ್ನು ಒಪ್ಪಿದ್ದು ಎರಡೇ ದಿನದಲ್ಲಿ!

ಇಷ್ಟಕ್ಕೂ ಯಾಕೆ ಒಪ್ಪಿಗೆಯಾಗುವುದಿಲ್ಲ? ಅದಕ್ಕೊಂದು ನೋಟ್‌ಪುಸ್ತಕವಿದೆ. ನೋಡಿದ ಪ್ರತಿ ಕೊಂಡಿಯ ತಪ್ಪನ್ನೂ ಅದರಲ್ಲಿ ದಾಖಲಿಸುತ್ತಾರೆ. ಒಂದು ದಿನ ಮಗಳು ಸ್ನಾನಕ್ಕೆ ಹೋದಾಗ ಕಳ್ಳನ ಹಾಗೆ ತೆರೆದು ನೋಡಿದೆ. ಒಂದರ ಹಿಡಿ ಎಡಗಡೆ ಇತ್ತು, ಬೇಡ. ಇನ್ನೊಂದು ಅತಿ ಗಟ್ಟಿ, ಆನೆ ಎಳೆಯುವುದಕ್ಕೆ ಮಾಡಿದ್ದು, ಬೇಡ. ಮತ್ತೊಂದರಲ್ಲಿ ಯಾವ ದೋಷವೂ ಇರಲಿಲ್ಲ, ಆದರೆ ಮಾರುವವನು ಅದನ್ನು ವಿಪರೀತ ಹೊಗಳಿದ, ಆದ್ದರಿಂದ ಬೇಡ. ಮಗದೊಂದರ ದವಡೆ ಮುಚ್ಚಿಕೊಳ್ಳುವಾಗ ಟಕ್ ಎನ್ನುವ ಬದಲು ಟಪ್ ಎಂದಿತು! ಓದಿ ನಗಬೇಕೆಂದೇ ತೆರೆದವನು ನಗಲಾಗದೆ ಕೂತೆ. ಪುಟದ ಮೇಲಿದ್ದದ್ದು ಮಗಳ ಕೈಬರಹ. ಕನ್ನಡದ ಅಕ್ಷರ! ಎರಡು ಬೇಸಿಗೆ ರಜೆ ನಾನು ಹೆಣಗಾಡಿ, ಗದರಿಸಿ, ಚಾಕೊಲೇಟಿನ ಆಸೆ ತೋರಿಸಿ ಕಲಿಸಲಾಗದೆ ಕೈಬಿಟ್ಟ ಅಕ್ಷರಗಳು ಅಲ್ಲಿ ಸಾಲಾಗಿ, ದುಂಡಗೆ, ಗ್ರೀಸಿನ ಬೆರಳಚ್ಚುಗಳ ನಡುವೆ ಕೂತಿದ್ದವು. ಆ ಪುಸ್ತಕವನ್ನು ಹರಿದು ಹಾಕಬೇಕೆನಿಸಿತು. ಎದೆಗೊತ್ತಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, ಇದ್ದಲ್ಲೇ ಇಟ್ಟೆ.

ಅವತ್ತೇ ತೀರ್ಮಾನಿಸಿದೆ. ಆ ಕೊಂಡಿಯನ್ನು ನಾನು ಹುಡುಕುತ್ತೇನೆ! ಯಾವ ತಪ್ಪೂ ತೆಗೆಯಲಾಗದ ಕೊಂಡಿಯನ್ನು ತಂದು ಇಬ್ಬರ ಮುಂದೆ ಇಟ್ಟು, ಅವರ ಬಾಯಿ ಮುಚ್ಚಿಸಿ, ನನ್ನ ಮಗಳ ಶನಿವಾರಗಳನ್ನು ಬಿಡಿಸಿಕೊಂಡು ಬರುತ್ತೇನೆ.

ನಾನು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ವರದಿ ಬರೆಯುವ ಅಧಿಕಾರಿ. ಸ್ಪ್ಯಾನರು ಯಾವುದು, ಇಕ್ಕಳ ಯಾವುದು ಎಂದು ಕೇಳಿದರೆ ಎರಡು ಸಲ ಯೋಚಿಸುತ್ತೇನೆ. ಅಂಥವನು ಆಹಾರ ಭದ್ರತೆಯ ಸಭೆಗಳಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ಕೊಂಡಿಗಳ ಶಾಸ್ತ್ರ ಓದಿದೆ. ಒಮ್ಮೆ ನಮ್ಮ ನಿರ್ದೇಶಕಿ, "ಈ ಜಿಲ್ಲೆಯ ಮುಖ್ಯ ಸಮಸ್ಯೆ ಏನೆಂದುಕೊಳ್ಳುತ್ತೀರಿ?" ಎಂದು ಕೇಳಿದಾಗ, "ತೊಟ್ಟಿ ಗಿಡ್ಡ" ಎಂದು ಹೇಳಹೊರಟು ಹೇಗೋ ತಡೆದುಕೊಂಡೆ.

ನೈರೋಬಿಯಲ್ಲಿ ಒಂದು ಪದ್ಧತಿಯುಂಟು. ಕೆಲಸದ ಅವಧಿ ಮುಗಿಸಿ ದೇಶ ಬಿಡುವ ವಿದೇಶಿಯರು ಚಮಚದಿಂದ ಹಿಡಿದು ಸೋಫಾವರೆಗೆ ಮನೆಯ ಸಾಮಾನನ್ನೆಲ್ಲ ಪಟ್ಟಿ ಮಾಡಿ ಮಾರಾಟಕ್ಕಿಡುತ್ತಾರೆ. ಆ ಪಟ್ಟಿಗಳು ಆಫೀಸಿನಿಂದ ಆಫೀಸಿಗೆ ಸುತ್ತುತ್ತವೆ. ದಿನವೂ ಓದಿದೆ. ತೊಟ್ಟಿಲು, ಟೋಸ್ಟರು, ನಾಯಿಯ ಗೂಡು, ಯೋಗದ ಚಾಪೆ. ನಾಲ್ಕು ತಿಂಗಳ ಮೇಲೆ ಒಂದು ದಿನ, ಬಾರ್ಬೆಕ್ಯೂ ಒಲೆಯ ಕೆಳಗೆ, ಅದು ಕಂಡಿತು. ಸ್ಲೈಡರ್ ಇರುವ ಫಿಫ್ತ್ ವೀಲ್ ಕೊಂಡಿ, ಒಮ್ಮೆಯೂ ಬಳಸಿಲ್ಲ, ಪೆಟ್ಟಿಗೆ ಸಹಿತ! ಪುಣ್ಯಾತ್ಮ ತರಿಸಿಕೊಂಡು, ಟ್ರೇಲರ್ ಸಿಗದೆ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದನಂತೆ. ಅಂದರೆ ಲೋಕದಲ್ಲಿ ನಮ್ಮ ಷಡ್ಡಕರಂಥವರು ಇನ್ನೂ ಒಬ್ಬರಿದ್ದಾರೆ ಎಂದಾಯಿತು. ಅರ್ಧ ದಿನ ರಜೆ ಹಾಕಿ ಓಡಿದೆ. ನಾಲ್ಕು ಜನ ಸೇರಿ ಅದನ್ನು ನನ್ನ ಪುಟ್ಟ ಕಾರಿಗೆ ಹೇರಿದರು. ಕಾರಿನ ಮೂತಿ ಆಕಾಶ ನೋಡಿತು.

"ಕೊತ್ತಂಬರಿ ಸೊಪ್ಪು ತರೋಕೆ ಹೇಳಿದ್ರೆ ಮರೆತು ಬರ್ತೀರಿ. ಇದನ್ನ ಹೇಗ್ರೀ ನೆನಪಿಟ್ಟುಕೊಂಡು ತಂದ್ರಿ?" ಎಂದು ಹೆಂಡತಿ ಬೆರಗಾದಳು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯೊಂದಿಗೆ ನಾನೂ ಪಿಕಪ್ಪು ಹತ್ತಿದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಅವರ ಖಾಯಂ ಮೆಕ್ಯಾನಿಕ್ಕು, ಇಲ್ಲಿಯವರ ಮಾತಿನಲ್ಲಿ ಫುಂಡಿ, ಪೆಟ್ಟಿಗೆ ಬಿಚ್ಚಿ, ಕೊಂಡಿಯನ್ನು ತೊಟ್ಟಿಯಲ್ಲಿ ಕೂರಿಸಿದ. ಷಡ್ಡಕರು ಟೇಪು ಹಿಡಿದು ಉದ್ದ ಅಳೆದರು, ಅಗಲ ಅಳೆದರು. ಹಿಡಿ ಬಲಗಡೆಗೇ ಇತ್ತು. ಸ್ಲೈಡರು ಬೆಣ್ಣೆಯ ಹಾಗೆ ಜಾರಿತು. ದವಡೆ ಟಕ್ ಎಂದೇ ಮುಚ್ಚಿತು. "ಸವಾ ಕಬಿಸಾ!" ಎಂದು ಫುಂಡಿ ತಲೆದೂಗಿದ. ಷಡ್ಡಕರು ಪಿಕಪ್ಪಿನ ಸುತ್ತ ನಾಲ್ಕು ಸಲ ಸುತ್ತಿದರು. ಮಗಳು ಪುಸ್ತಕ ತೆರೆದು ಪೆನ್ನು ಹಿಡಿದು ಕಾದಳು.

"ಏನ್ ಬರೀಲಿ ದೊಡ್ಡಪ್ಪ?"

"ಏನೂ ಇಲ್ಲ ಪುಟ್ಟಿ. ಇದರಲ್ಲಿ ತಪ್ಪೇ ಇಲ್ಲ."

"ಅಂದ್ರೆ... ಮುಗೀತಾ?"

"ಮುಗೀತು. ನಿಮ್ಮಪ್ಪ ಹುಡುಕಿಬಿಟ್ಟ." ಅವರು ನನ್ನ ಬಳಿ ಬಂದು ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡರು. "ಭೇಷ್ ಕಣಯ್ಯಾ. ನಮ್ಮಿಬ್ಬರ ಕೈಲೂ ಆಗದ್ದನ್ನ ನೀನು ಮಾಡ್ದೆ." ಆ ಮಾತಿನಲ್ಲಿ ಕುಹಕ ಇರಲಿಲ್ಲ. ಕುಹಕ ಆ ಮನುಷ್ಯನಿಗೆ ಬರುವುದೇ ಇಲ್ಲ, ಅದೂ ನನ್ನ ಹೊಟ್ಟೆಕಿಚ್ಚಿಗೆ ಒಂದು ಕಾರಣ.

ಮಗಳು ಪೆನ್ನಿಗೆ ಮುಚ್ಚಳ ಹಾಕಿದಳು. ಪುಸ್ತಕವನ್ನು ಚೀಲಕ್ಕೆ ಸೇರಿಸಿದಳು. "ಹಾಗಾದ್ರೆ ಮುಂದಿನ ಶನಿವಾರ?" ಎಂದಳು, ಯಾರನ್ನೂ ನೋಡದೆ. ಷಡ್ಡಕರು ಟೇಪನ್ನು ಎಳೆದು, ಸುತ್ತಿ, ಮತ್ತೆ ಎಳೆದರು.

ನಾನು ಗೆದ್ದಿದ್ದೆ. ಆದರೆ ಗೆದ್ದು ಏನು ತಂದುಕೊಂಡೆ? ಮುಂದಿನ ಶನಿವಾರ ಅವಳು ಹನ್ನೊಂದರವರೆಗೆ ಮಲಗಿ, ಎದ್ದು, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಬಾಗಿಲ ಈಚೆ ನಾನು. ಪಾರ್ಕ್‌ಲ್ಯಾಂಡ್ಸಿನ ಆ ಫ್ಲ್ಯಾಟಿನಲ್ಲಿ ಅವರು. ಅವರನ್ನು ಸರಿಸಿದರೆ ಆ ಜಾಗಕ್ಕೆ ನಾನು ಹೋಗಿ ಕೂರಬಹುದು ಎಂದುಕೊಂಡಿದ್ದೆ. ಎಂಥ ದಡ್ಡ! ಮಾತಾಡಲು ನನ್ನ ಮಗಳಿಗೆ ಇದ್ದವರು ಒಬ್ಬರು. ನಾಲ್ಕು ತಿಂಗಳು ಕಷ್ಟಪಟ್ಟು ಅವರನ್ನೂ ಇಲ್ಲವಾಗಿಸಿದ್ದೆ.

"ತಡೀರಿ ಭಾವ" ಎಂದೆ. ನನ್ನ ಬಾಯಿಂದಲೇ ಬಂತು. "ಎತ್ತರ ನೋಡಿದ್ರಾ? ಇದು ತಗ್ಗಾಯ್ತು. ಏರು ಬಂದಾಗ ಟ್ರೇಲರಿನ ಮೂತಿ ತೊಟ್ಟಿಯ ಗೋಡೆಗೆ ತಗಲುತ್ತೆ. ಇದು ಆಗೋದಿಲ್ಲ ಬಿಡಿ."

ಆ ಕೊಂಡಿಯ ಎರಡೂ ಕಾಲುಗಳಲ್ಲಿ ಎತ್ತರ ಏರಿಸುವುದಕ್ಕೆಂದೇ ಸಾಲಾಗಿ ತೂತುಗಳಿದ್ದವು. ಬೋಲ್ಟು ಬಿಚ್ಚಿ ಒಂದು ತೂತು ಮೇಲೆ ಹಾಕಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಅದು ನನಗೆ ಗೊತ್ತಿತ್ತು. ನೂರಾರು ಕೊಂಡಿ ನೋಡಿದ ಅವರಿಗೆ ಗೊತ್ತಿರಲಿಲ್ಲವೇ? "ಲಕಿನಿ..." ಅಂದರೆ "ಆದರೆ..." ಎಂದು ಫುಂಡಿ ಸ್ಪ್ಯಾನರ್ ಎತ್ತಿಕೊಂಡು ಬಾಯಿ ತೆರೆದ. ನಾನು ಅವನನ್ನು ಒಂದು ನೋಟ ನೋಡಿದೆ. ಬಾಯಿ ಮುಚ್ಚಿಕೊಂಡ.

ಷಡ್ಡಕರು ಬಗ್ಗಿ, ಆ ತೂತುಗಳ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಹೌದಲ್ಲಯ್ಯಾ" ಎಂದರು ಮೆಲ್ಲಗೆ. "ತಗ್ಗೇ ಇದೆ. ಬರ್ಕೊಳಮ್ಮಾ, ತಗ್ಗು."

ಅವಳು ಬರೆದುಕೊಂಡಳು.

ವಾಪಸು ಬರುವಾಗ ಅವರಿಬ್ಬರೂ ಮುಂದೆ ಕೂತರು, ಮತ್ತೆ ಪೆಟ್ಟಿಗೆ ಸೇರಿದ ಕೊಂಡಿಗೆ ಕಾಲು ಒರಗಿಸಿಕೊಂಡು ನಾನು ಹಿಂದಿನ ಸೀಟಿನಲ್ಲಿ. ಮುಂದಿನ ಶನಿವಾರ ಎಲ್ಲಿಗೆ ಹೋಗಬೇಕೆಂದು ಆಗಲೇ ಜಗಳ ಶುರುವಾಗಿತ್ತು. ಅವರು ಲಾರಿಯಂಗಳ ಎಂದರೆ ಇವಳು ಗೋದಾಮು ಎನ್ನುತ್ತಿದ್ದಳು. ಮಗಳ ಮಾತನ್ನು ಅಷ್ಟು ಹೊತ್ತು ಕೇಳಿ ಎಷ್ಟು ದಿನವಾಗಿತ್ತೋ. ಕೇಳುವುದಷ್ಟೇ ನನ್ನ ಪಾಲಿಗೆ ಇರಲಿ, ಅದೂ ಸಾಕು ಎಂದುಕೊಂಡು ಕೂತಿದ್ದೆ. ಇದ್ದಕ್ಕಿದ್ದಂತೆ ಅವಳು ಸೀಟಿನ ಮೇಲಿಂದ ಪೂರ್ತಿ ಹಿಂದಕ್ಕೆ ತಿರುಗಿದಳು.

"ಅಪ್ಪಾ, ನಿಂಗೇನನ್ಸುತ್ತೆ? ಎಲ್ಲಿಗ್ ಹೋಗೋಣ?"

ತಡಮಾಡುವ ಧೈರ್ಯ ನನಗಿರಲಿಲ್ಲ. "ಥಿಕಾ ರಸ್ತೆ ಕಡೆ ಒಂದು ಒಳ್ಳೇ ಅಂಗಡಿ ಇದೆಯಂತೆ" ಎಂದುಬಿಟ್ಟೆ. ಅಂಥ ಅಂಗಡಿ ಅಲ್ಲಿದೆಯೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ.